ಎದೆಮಟ್ಟದ ನೀರಿನಲ್ಲಿ ಎಚ್ಚರ ತಪ್ಪಿದ್ದು

ಕಣ್ಣು ಬಿಟ್ಟಾಗ ನನ್ನ ಸೊಸೆ ನನ್ನ ಕೆನ್ನೆಗೆ ಹೊಡೆಯುತ್ತಿದ್ದಳು. ಒಂದು ಕೈಯಲ್ಲಿ ನನ್ನ ತುರುಬು ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಹೊಡೆತ. ಹೊಡೆತಕ್ಕಿಂತ ದೊಡ್ಡ ಸಂಗತಿ ಎಂದರೆ ಅವಳು ನನ್ನ ಹೆಸರು ಹಿಡಿದು ಕೂಗುತ್ತಿದ್ದಳು.

“ಸೀತೂ! ಹ್ವಾಯ್ ಸೀತೂ! ಉಸ್ರ್ ಎಳಿ! ಎಳಿ ಅಂದೆ!”

ಜಲಜ ನಮ್ಮ ಮನೆಗೆ ಬಂದಂದಿನಿಂದ ನನ್ನನ್ನು ‘ಅತ್ತೆ’ ಎಂದಲ್ಲದೆ ಬೇರೆ ಕರೆದವಳಲ್ಲ. ನಮ್ಮ ಕಡೆ ಸೊಸೆ ಅತ್ತೆಯ ಹೆಸರು ಬಾಯಲ್ಲಿ ತರುವುದಿಲ್ಲ. ರೇಷನ್ ಅಂಗಡಿಯವನು ಕೇಳಿದರೂ ಪಕ್ಕದಲ್ಲಿ ನಿಂತವರ ಹತ್ತಿರ ಹೇಳಿಸುತ್ತಾಳೆ. ಅಂಥವಳು ಹೊಳೆಯ ನಡುವೆ, ಉಳಿದ ಹೆಂಗಸರ ಎದುರಿಗೆ, ನಾಯಿಯನ್ನು ಕರೆದ ಹಾಗೆ ನನ್ನ ಹೆಸರು ಕೂಗುತ್ತಿದ್ದಾಳೆ. ಸಿಟ್ಟು ನೆತ್ತಿಗೇರಿತು. ತಿರುಗಿ ಒಂದು ಕೊಡುವ ಅಂತ ಹೊರಟೆ. ಕೈ ಏಳಲಿಲ್ಲ. ಕೈ ನನ್ನದೇ, ಆದರೆ ನನ್ನ ಮಾತು ಕೇಳಲಿಲ್ಲ.

ಬಾಯಿ ಬಂದ ಕೂಡಲೇ, ನಮ್ಮ ಜೊತೆ ಚಿಪ್ಪು ಹೆಕ್ಕಲು ಬರುವ ಗಿರಿಜಕ್ಕನಿಗೆ ನಾನು ಹೇಳಿದ ಮೊದಲ ಮಾತು ಇದು: “ಕಾಣಿ ಗಿರಿಜಕ್ಕ, ಇವ್ಳ್ ನಂಗೆ ಹೊಡೂದ್ ಕಾಣಿ! ನಾನ್ ಎಂತ ಮಾಡ್ದೆ ಇವ್ಳಿಗೆ?”

“ಅತ್ತೆ, ನೀವ್ ಮುಳ್ಗಿದ್ರಿ,” ಎಂದಳು ಜಲಜ.

“ಯಾರ್ ಮುಳ್ಗದ್ದ್? ನಾನಾ? ಎದೆಮಟ್ಟ ನೀರಗೆ? ಬಾಯಿಗ್ ಬಂದದ್ ಹೇಳ್ಬೇಡ.”

ಅವಳು ನನ್ನ ತುರುಬು ಬಿಡದೆ ನಿಂತಲ್ಲೇ ಅಳಲು ಶುರು ಮಾಡಿದಳು. ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅಲ್ಲಿಂದ ಹೋಗುವ ಅಂದರೆ ಕಾಲೂ ನನ್ನ ಮಾತು ಕೇಳಲಿಲ್ಲ.

ನಾನು ನಾಲ್ಕನೇ ಕ್ಲಾಸಿನವರೆಗೆ ಹೋದವಳು. ಬರೆದು ಅಭ್ಯಾಸ ಇಲ್ಲ. ಇದನ್ನು ಬರೆಯುವುದಕ್ಕೆ ಕಾರಣ, ನಮ್ಮ ಹಾಗೆ ಉಸಿರು ಕಟ್ಟಿ ನೀರಿನೊಳಗೆ ಹೋಗುವವರು ಕುಂದಾಪುರ, ಗಂಗೊಳ್ಳಿ, ಬೈಂದೂರು ಕಡೆ ತುಂಬಾ ಜನ ಇದ್ದಾರೆ. ಚಿಪ್ಪುಮೀನು ಹೆಕ್ಕಲು ಹೋಗುವ ಹೆಂಗಸರು, ಕಲ್ಲುಗಳ ಸಂದಿಯಲ್ಲಿ ಮೀನು ಹೊಡೆಯುವ ಹುಡುಗರು. ನನಗೆ ಆದದ್ದು ಅವರಿಗೆ ಆದರೆ, ಆದದ್ದು ಏನು ಅಂತಲಾದರೂ ಗೊತ್ತಿರಲಿ. ನನಗೆ ಗೊತ್ತಿರಲಿಲ್ಲ. ನಮ್ಮ ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಜಾಗಕ್ಕೆ ಬೇರೆ ಮಾತು ಬಂದು ಕೂರುತ್ತದೆ.

ನಮ್ಮ ಕೆಲಸ ಹೀಗೆ. ನೀರು ಇಳಿದಾಗ ಸಣ್ಣ ದೋಣಿಯಲ್ಲಿ ಕುದ್ರುವಿನ ಹತ್ತಿರ ಹೋಗುತ್ತೇವೆ. ಹೊಳೆಯ ನಡುವಿನ ಆ ದಿಬ್ಬದ ಸುತ್ತ ಸೊಂಟ, ಎದೆ, ಕುತ್ತಿಗೆ ಮಟ್ಟದ ನೀರು. ಸೊಂಟಕ್ಕೆ ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಗೆ ತೇಲುವ ಪ್ಲಾಸ್ಟಿಕ್ ಬಾನಿ ಕಟ್ಟಿಕೊಳ್ಳುತ್ತೇವೆ. ಉಸಿರು ಹಿಡಿದು ಮುಳುಗುವುದು, ಎರಡೂ ಕೈಯಲ್ಲಿ ಮರಳು ಕೆದಕಿ ಚಿಪ್ಪು ಹೆಕ್ಕುವುದು, ಮೇಲೆ ಬಂದು ಬಾನಿಗೆ ಹಾಕುವುದು. ಮೇಲಿರುವವರು ಮಾತಾಡುತ್ತಲೇ ಇರುತ್ತಾರೆ. ಒಳಗೆ ಹೋದವರನ್ನು ಯಾರೂ ಕಾಯುವುದಿಲ್ಲ. ಎದೆಮಟ್ಟದ ನೀರಿನಲ್ಲಿ ಕಾಯುವುದು ಎಂತದನ್ನು?

ಮುಳುಗುವ ಮೊದಲು ನಾವೆಲ್ಲರೂ ಒಂದು ಕೆಲಸ ಮಾಡುತ್ತಿದ್ದೆವು. ಒದ್ದೆ ಸೌದೆಯ ಒಲೆ ಊದುವ ಹಾಗೆ ಬುಸು ಬುಸು ಅಂತ ಜೋರಾಗಿ ಉಸಿರು ಬಿಡುವುದು, ಎಳೆಯುವುದು. ಬೇಗ ಬೇಗ, ತಲೆ ಸ್ವಲ್ಪ ಹಗುರ ಆಗುವವರೆಗೆ. ಹಾಗೆ ಮಾಡಿದರೆ ಒಳಗೆ ಹೆಚ್ಚು ಹೊತ್ತು ಇರಬಹುದು. ಇದು ಸುಳ್ಳಲ್ಲ, ಇರಬಹುದು. ನನ್ನ ತಾಯಿ ಮಾಡುತ್ತಿದ್ದಳು, ನಾನು ಮಾಡಿದೆ, ಜಲಜ ನನ್ನನ್ನು ನೋಡಿ ಕಲಿತಳು.

ಆವತ್ತು ಕುತ್ತಿಗೆ ಮಟ್ಟಕ್ಕೆ ಹೋಗದೆ, ಸ್ವಲ್ಪ ಈಚೆಗೆ ಎದೆಮಟ್ಟದಲ್ಲೇ ಒಳ್ಳೆ ಚಿಪ್ಪು ಸಿಕ್ಕಿತ್ತು. ಒಂದರ ಹಿಂದೆ ಒಂದು ಮುಳುಗು ಹಾಕುತ್ತಿದ್ದೆ. ಗಿರಿಜಕ್ಕ ತಮಾಷೆ ಮಾಡಿದರು, “ಎಂತ ಸೀತು, ಹೊಳಿಯನ್ನೇ ಮನಿಗ್ ತಕಂಡ್ ಹೋತ್ಯಾ?” ನಾನು ಉತ್ತರ ಕೊಡದೆ ಬುಸು ಬುಸು ಊದಿ ಮುಳುಗಿದೆ. ಕೈಗೆ ಚಿಪ್ಪಿನ ರಾಶಿ ಸಿಕ್ಕಿತು. ಉಸಿರಿನ ಸಂಕಟ ಇರಲಿಲ್ಲ. ಇವತ್ತು ಒಳ್ಳೆ ದಮ್ಮು ಇದೆ ನನಗೆ ಅಂತ ಅನ್ನಿಸಿತು. ಸಮಾಧಾನ, ಹಬ್ಬದ ಊಟ ಮಾಡಿ ಮಲಗಿದ ಹಾಗೆ. ಮತ್ತೆ ನೆನಪಿರುವುದು ಕೆನ್ನೆಯ ಮೇಲೆ ಬಿದ್ದ ಪೆಟ್ಟು.

ನಡುವೆ ಏನಿತ್ತು ಅಂತ ಈಗಲೂ ಎಷ್ಟೋ ಸಲ ಹುಡುಕಿದ್ದೇನೆ. ಏನೂ ಇಲ್ಲ. ಕತ್ತಲೆಯೂ ಇಲ್ಲ. ನಿದ್ದೆಯಿಂದ ಎದ್ದರೆ ನಿದ್ದೆ ಮಾಡಿದೆ ಅಂತ ಗೊತ್ತಾಗುತ್ತದೆ. ಇದು ಹಾಗಲ್ಲ. ಸೀರೆಯಿಂದ ಒಂದು ತುಂಡು ಕತ್ತರಿಸಿ ಎರಡು ತುದಿ ಹೊಲಿದ ಹಾಗೆ. ಹೊಲಿಗೆಯೂ ಕಾಣಿಸುವುದಿಲ್ಲ.

ಆದದ್ದು ಏನು ಅಂತ ನನಗೆ ಹೇಳಿದ್ದು ಜಲಜ. ನನ್ನ ಬಾನಿ ತನ್ನಷ್ಟಕ್ಕೆ ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ಹೋಗುತ್ತಿತ್ತಂತೆ. ಹಗ್ಗ ಬಿಚ್ಚಿತು ಅಂತ ಅವಳು ಹಿಡಿಯಲು ಹೋದಳು. ಬಾನಿ ಎಳೆದರೆ ಭಾರ. ಹಗ್ಗದ ತುದಿಯಲ್ಲಿ ನಾನು, ಮುಖ ಕೆಳಗೆ, ಕೈಯಲ್ಲಿ ಚಿಪ್ಪು. ಮುಖ ಮೇಲೆ ಮಾಡಿದರೆ ತುಟಿ ನೇರಳೆ ಹಣ್ಣಿನ ಬಣ್ಣ, ಕಣ್ಣು ತೆರೆದೇ ಇದೆ, ಕೈಕಾಲು ಎಳೆದೆಳೆದು ಹೊಡೆದುಕೊಳ್ಳುತ್ತಿದೆ. ನಾನು ನಂಬಲಿಲ್ಲ. ನನ್ನ ಮೈ ನಾನಿಲ್ಲದೆ ಅಷ್ಟೆಲ್ಲ ಮಾಡಿದ್ದನ್ನು ಹೇಗೆ ನಂಬುವುದು?

ಸಂಜೆ ಕೆಮ್ಮು ಶುರುವಾಯಿತು. ಉಗುಳಿದರೆ ನೊರೆ, ನೊರೆಯಲ್ಲಿ ಕೆಂಪು. ಮೊಮ್ಮಗಳು ಅಶ್ವಿನಿ ಕಂಡು ಕಿರುಚಿದಳು. ಅವಳು ಕಾಲೇಜಿಗೆ ಹೋಗುವವಳು, ನನ್ನ ಮಾತು ಕೇಳದೆ ರಿಕ್ಷಾ ಕರೆದಳು. ಕುಂದಾಪುರದ ಆಸ್ಪತ್ರೆಯಲ್ಲಿ ಎದೆಯ ಎಕ್ಸ್‌ರೇ ತೆಗೆದು, ಶ್ವಾಸಕೋಶಕ್ಕೆ ನೀರು ಹೋಗಿದೆ ಅಂತ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಆಂಬುಲೆನ್ಸಿನಲ್ಲಿ ಮೂಗಿಗೆ ಆಮ್ಲಜನಕದ ಪೈಪು. ಬ್ರಹ್ಮಾವರ ದಾಟುವಾಗ ಜಲಜ ನನ್ನ ಕಾಲು ಹಿಡಿದುಕೊಂಡು ಕೂತಿದ್ದಳು. ನಾನು ಕಾಲು ಎಳೆದುಕೊಂಡೆ. ಕೆನ್ನೆ ಇನ್ನೂ ಉರಿಯುತ್ತಿತ್ತು.

ವಾರ್ಡಿನಲ್ಲಿ ಮಲಗಿಸಿದ ಮೇಲೆ ಒಬ್ಬಳು ಚಿಕ್ಕ ಪ್ರಾಯದ ಡಾಕ್ಟರಮ್ಮ ಬಂದಳು. ಜಲಜ, ಅಶ್ವಿನಿ ಇಬ್ಬರನ್ನೂ ಹೊರಗೆ ಕಳುಹಿಸಿ ಪರದೆ ಎಳೆದಳು. ಮೆಲ್ಲಗೆ ಕೇಳಿದಳು, “ಅಮ್ಮ, ಮನೆಯಲ್ಲಿ ಏನಾದ್ರೂ ತೊಂದರೆ ಇದೆಯಾ? ಯಾರಾದ್ರೂ ಹೊಡೀತಾರಾ?”

“ಎಂತಕೆ?”

“ಮುಖದ ಮೇಲೆ ಬೆರಳಿನ ಗುರುತು ಉಂಟು. ನೀರಿಗೆ ನೀವೇ... ಜೀವ ಬೇಡ ಅಂತ ಅನ್ನಿಸಿತ್ತಾ?”

ನಾನು ಹೇಳಿದೆ, “ಜೀವ ಬ್ಯಾಡ ಅಂದ್ಕಂಡವ್ಳ್ ಸೊಂಟಕ್ಕ್ ಬಾನಿ ಕಟ್ಕಂಡ್ ಹೋತ್ಳಾ?”

ಅವಳು ನಗಲಿಲ್ಲ. ಏನೋ ಬರೆದುಕೊಂಡು ಹೋದಳು.

ಮರುದಿನ ಅಶ್ವಿನಿಯ ಮೊಬೈಲಿಗೆ ಊರಿನ ಮಾತು ಬಂದು ಮುಟ್ಟಿತು. ಸೊಸೆ ಹೊಡೆದಳು, ಅತ್ತೆ ಹೊಳೆಗೆ ಹಾರಿದಳು. ಹೊಡೆದದ್ದಕ್ಕೆ ಸಾಕ್ಷಿ ಬೇರೆ ಬೇಕಾಗಿರಲಿಲ್ಲ, ನಾನೇ ಎಲ್ಲರ ಎದುರು ಕೂಗಿ ಹೇಳಿದ್ದೆನಲ್ಲ. ಹಾರಿದ್ದಕ್ಕೆ ಸಾಕ್ಷಿ ಗಿರಿಜಕ್ಕ. ಅವರು ಕಂಡಕಂಡವರಿಗೆ ಹೇಳಿದ್ದು ಇಷ್ಟು: “ನನ್ ತಂಗಿ ಸರಸುವೂ ಹೀಂಗೇ ಹೋದ್ದ್. ಹೊಳಿಯಗೆ ಹುಟ್ಟಿ ಬೆಳ್ದವ್ಳ್ ಎದೆಮಟ್ಟ ನೀರಗೆ ಸುಮ್ನೆ ಮುಳ್ಗುದಿಲ್ಲೆ. ಮನ್ಸಿಗ್ ಬಂದ್ರ್ ಮಾತ್ರ ಮುಳ್ಗುದ್.”

ಸರಸು ಸತ್ತು ಬಹಳ ವರ್ಷ ಆಯಿತು. ನಮ್ಮಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಒಳಗಿರುತ್ತಿದ್ದವಳು ಅವಳೇ. ಒಂದು ದಿನ ಇಳಿತದ ಹೊತ್ತಿಗೆ ಒಬ್ಬಳೇ ಹೋದವಳು ಎದೆಮಟ್ಟದ ನೀರಿನಲ್ಲಿ ಹೆಣವಾಗಿ ಸಿಕ್ಕಿದಳು. ಮನೆಯಲ್ಲಿ ಹಾಲು ಕುಡಿಯುವ ಮಗ. ಗಂಡನ ಮನೆಯ ಕಾಟಕ್ಕೆ ಸತ್ತಳು ಅಂತ ಊರೆಲ್ಲ ಹೇಳಿತು. ನಾನೂ ಹಾಗೆಯೇ ತಿಳಿದಿದ್ದೆ. ಬೇರೆ ಏನು ತಿಳಿಯುವುದಿತ್ತು?

ನನ್ನ ಮಗ ಸುಧಾಕರ ಮೀನುಗಾರಿಕೆ ಬೋಟಿನಲ್ಲಿ ಇರುವವನು. ಸುದ್ದಿ ಕೇಳಿ ಬಂದರಿನಿಂದ ಸೀದಾ ಆಸ್ಪತ್ರೆಗೆ ಬಂದ. ನನ್ನ ಮಂಚದ ಕಾಲಬುಡದಲ್ಲಿ ನಿಂತು ಹೆಂಡತಿಯನ್ನು ಕೇಳಿದ.

“ನೀನ್ ಹೊಡದ್ದ್ ಹೌದಾ ಅಲ್ದಾ? ಅಷ್ಟ್ ಹೇಳ್.”

“ಹೌದ್. ಹೊಡ್ದೆ.”

“ಎಂತಕೆ?”

“ಏಳ್ಲಿ ಅಂತ.”

ಅವನು ನನ್ನ ಮುಖ ನೋಡಿದ. ಜಲಜಳೂ ನೋಡಿದಳು. ನಾನು ಒಂದು ಮಾತು ಹೇಳಿದರೆ ಆಗುತ್ತಿತ್ತು. ಆದರೆ ಏನು ಹೇಳುವುದು? ಮುಳುಗಿದ್ದೆ ಅಂತ ಹೇಳಲು ನನಗೆ ಗೊತ್ತಿಲ್ಲ, ಮುಳುಗಲಿಲ್ಲ ಅಂತ ಹೇಳಲು ಎದೆಯೊಳಗೆ ನೀರು ಇದೆ. ನಾನು ಸಾಕ್ಷಿ ಹೇಳುವ ಹಾಗಿರಲಿಲ್ಲ. ಅಲ್ಲಿ ನಾನೇ ಇರಲಿಲ್ಲ.

“ನಂಗೆ ನೆನ್ಪಿಲ್ಲೆ ಮಗಾ,” ಎಂದೆ.

ಜಲಜ ಕಾರಿಡಾರಿಗೆ ಹೋಗಿ ಕುರ್ಚಿಯಲ್ಲಿ ಕೂತಳು. ಆ ದಿನವಿಡೀ ಒಳಗೆ ಬರಲಿಲ್ಲ. ಅನ್ನ ತಂದುಕೊಟ್ಟದ್ದು ಪಕ್ಕದ ಮಂಚದ ಗಂಡಸಿನ ಹೆಂಡತಿ, ಶಿರೂರಿನವಳು, ಗುರುತು ಪರಿಚಯ ಇಲ್ಲದವಳು. “ನಿಮ್ ಸೊಸಿ ಉಂಬುದಿಲ್ಲೆ ಅಂತ್ಳ್. ಒತ್ತಾಯ ಮಾಡಿ ಒಂದ್ ಬಾಳೆಹಣ್ ತಿನ್ಸಿದೆ,” ಅಂತಲೂ ಹೇಳಿದಳು. ಒಬ್ಬಳು ನರ್ಸ್ ಬಂದು ನನ್ನ ಕೂದಲು ಬಿಡಿಸಿ ಬಾಚಿದಳು. ಬಾಚಿದಷ್ಟೂ ಮರಳು ಉದುರಿತು. ದಿಂಬಿನ ಮೇಲೆ ಹೊಳೆಯ ಮರಳು ನೋಡಿದಾಗ ನನಗೆ ಮೊದಲ ಸಲ ಹೆದರಿಕೆಯಾಯಿತು. ನಾನು ಮುಳುಗುವಾಗ ತುರುಬು ಬಿಗಿದು ಕಟ್ಟಿರುತ್ತೇನೆ. ತಲೆಯ ಬುಡಕ್ಕೆ ಮರಳು ಹೋಗಬೇಕಾದರೆ ತಲೆ ನೆಲ ತಾಗಿ ಎಳೆದುಕೊಂಡು ಹೋಗಿರಬೇಕು. ಜಲಜ ಹೇಳಿದ್ದು ನಿಜ ಅಂತ ನನಗೆ ಖಾತ್ರಿಯಾದದ್ದು ಆಗ.

ಕೈಕಾಲು ಹೊಡೆದುಕೊಂಡಿತು ಅಂತ ಜಲಜ ಹೇಳಿದ್ದನ್ನು ಕೇಳಿ ಡಾಕ್ಟರು ಫಿಟ್ಸ್ ಇರಬಹುದು ಅಂದರು. ಹೃದಯದ ಬಡಿತ ಒಂದು ಕ್ಷಣ ತಪ್ಪಿರಲೂಬಹುದು ಅಂದರು. ತಲೆಯ ಸ್ಕ್ಯಾನಿಂಗ್ ಮಾಡಿದರು. ತಲೆಗೆ ವಯರುಗಳನ್ನು ಅಂಟಿಸಿ ಇನ್ನೊಂದು ಪರೀಕ್ಷೆ. ಎದೆಗೂ ವಯರು. ಪರೀಕ್ಷೆಗೆ ಕಾಯುವಲ್ಲಿ ಗಾಲಿಕುರ್ಚಿಯಲ್ಲಿ ಕೂತವರ ಸಾಲು, ಎಲ್ಲರ ಕೈಯಲ್ಲೂ ದೊಡ್ಡ ಕವರು. ಕವರಿನೊಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಬಿಗಿಯಾಗಿ ಹಿಡಿದುಕೊಂಡಿದ್ದಾರೆ. ನಾನೂ ಹಿಡಿದುಕೊಂಡೆ.

ಸುಧಾಕರ ತಗ್ಗಿದ ದನಿಯಲ್ಲಿ ಹೇಳಿದ, “ಫಿಟ್ಸ್ ಅಂತ ಆದ್ರ್ ಊರಗೆ ಯಾರತ್ರೂ ಹೇಳುದ್ ಬ್ಯಾಡ. ನಾಳಿಗ್ ಇವ್ಳಿಗ್ ಗಂಡ್ ಹುಡ್ಕುಕೆ ಇತ್ತಲೆ.”

ಅಶ್ವಿನಿ ಅಂದಳು, “ಅಜ್ಜಿಗ್ ಫಿಟ್ಸ್ ಇದ್ರ್ ನಂಗೆ ಗಂಡ್ ಸಿಕ್ಕುದಿಲ್ಯಾ ಅಪ್ಪಯ್ಯ? ಹಾಂಗಾರೆ ಇರ್ಲಿ, ಒಳ್ಳೇದಾಯ್ತ್.”

ಅವನಿಗೂ ನಗು ಬಂತು. ಜಲಜಳಿಗೆ ಬರಲಿಲ್ಲ. ಅವಳ ಲೆಕ್ಕ ನನಗೆ ಅರ್ಥವಾಗುತ್ತಿತ್ತು. ನನ್ನ ಮೈಯಲ್ಲಿ ಕಾಯಿಲೆ ಸಿಕ್ಕಿದರೆ ನನಗೆ ಇನ್ನು ಹೊಳೆ ಇಲ್ಲ. ಸಿಗದಿದ್ದರೆ ಊರಿನ ಮಾತೇ ನಿಜ, ಅವಳು ಅತ್ತೆಯನ್ನು ಹೊಳೆಗೆ ಹಾರಿಸಿದವಳು. ನಡುವೆ ಮೂರನೆಯದು ಒಂದು ಇರಬಹುದು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಆ ಸಾಲಿನಲ್ಲಿ ಕೂತು ನಾನು ಕೊಲ್ಲೂರಿನ ಅಮ್ಮನಿಗೆ ಕೈ ಮುಗಿದೆ, ಏನಾದರೂ ಒಂದು ಕಾಯಿಲೆ ಸಿಗಲಿ ಅಂತ. ಯಾರಾದರೂ ಅಂಥದ್ದನ್ನು ಬೇಡುತ್ತಾರಾ? ನಾನು ಬೇಡಿದೆ.

ಸಿಗಲಿಲ್ಲ. ತಲೆ ಸರಿ ಇದೆ, ಹೃದಯ ಸರಿ ಇದೆ, ಫಿಟ್ಸಿನ ಗುರುತಿಲ್ಲ. ಡಾಕ್ಟರಮ್ಮ ಸಂತೋಷದಿಂದ ಹೇಳಿದಳು. ಬಾಗಿಲಲ್ಲಿ ನಿಂತಿದ್ದ ಜಲಜ ಗೋಡೆ ಹಿಡಿದುಕೊಂಡಳು.

ಮಧ್ಯಾಹ್ನ ದೊಡ್ಡ ಡಾಕ್ಟರು ಬಂದರು. ತಲೆಯ ಕೂದಲು ಬೆಳ್ಳಗಾದವರು, ಅವಸರ ಇಲ್ಲದವರು. ಕವರು ನೋಡಿ ಬದಿಗಿಟ್ಟರು. ಕುರ್ಚಿ ಎಳೆದು ಕೂತರು.

“ಅಮ್ಮ, ಮುಳುಗುವ ಮೊದಲು ನೀವೇನು ಮಾಡ್ತಿದ್ರಿ? ಹೇಳೋದು ಬೇಡ, ಮಾಡಿ ತೋರಿಸಿ.”

“ಎಂತ ತೋರ್ಸುದ್? ಎಲ್ಲರ್ ಮಾಡುದೇ.”

“ಅದನ್ನೇ ತೋರಿಸಿ.”

ನಾನು ಬುಸು ಬುಸು ಊದಿದೆ. ಅವರು ಗಾಬರಿಯಾಗಿ ಕೈ ಅಡ್ಡ ಹಿಡಿದರು. “ಸಾಕು, ಸಾಕು! ನಿಲ್ಲಿಸಿ.” ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, “ಕಂಡಿರಾ?” ಅಂದರು.

ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಬರೆಯುತ್ತೇನೆ. ನೀರಿನೊಳಗೆ ಉಸಿರು ಕಟ್ಟಿ ಎದೆ ಒದ್ದಾಡುತ್ತದಲ್ಲ, ಅದು ಒಳ್ಳೆ ಗಾಳಿ ಮುಗಿದದ್ದಕ್ಕೆ ಅಲ್ಲವಂತೆ. ಹೊರಗೆ ಹೋಗಬೇಕಾದ ಕೆಟ್ಟ ಗಾಳಿ ಒಳಗೆ ಹೆಚ್ಚಾದದ್ದಕ್ಕೆ. ನಾವು ಬುಸು ಬುಸು ಊದಿದರೆ ಒಳ್ಳೆ ಗಾಳಿ ಹೇಳುವಷ್ಟು ಹೆಚ್ಚಾಗುವುದಿಲ್ಲ, ಕೆಟ್ಟ ಗಾಳಿ ಮಾತ್ರ ಮೊದಲೇ ಹೊರಗೆ ಹೋಗಿಬಿಡುತ್ತದೆ. ಆಮೇಲೆ ನೀರಿನೊಳಗೆ ಸಂಕಟವೇ ಆಗುವುದಿಲ್ಲ. ಒಳ್ಳೆ ಗಾಳಿ ಮುಗಿಯುತ್ತಾ ಬಂದರೂ ಮೈಗೆ ಗೊತ್ತಾಗುವುದಿಲ್ಲ. ತಲೆಗೆ ಗಾಳಿ ಸಾಲದಾದಾಗ ಮನುಷ್ಯ ಆರಿಹೋಗುತ್ತಾನೆ.

“ಮನೆಯ ಗ್ಯಾಸ್ ಸಿಲಿಂಡರ್ ಲೀಕ್ ಆದರೆ ಹೇಗೆ ಗೊತ್ತಾಗ್ತದೆ?” ಅಂತ ಕೇಳಿದರು.

“ವಾಸ್ನಿ ಬತ್ತ್ ಅಲ್ದಾ.”

“ಆ ವಾಸನೆ ಗ್ಯಾಸಿಂದಲ್ಲ ಅಮ್ಮ. ನಮಗೆ ಗೊತ್ತಾಗಲಿ ಅಂತ ಬೇರೆ ಸೇರಿಸ್ತಾರೆ. ನೀವು ಊದಿ ಊದಿ ಆ ವಾಸನೆಯನ್ನು ತೆಗೆದು ಹಾಕಿದ್ರಿ. ಅದೂ ಮುಳುಗಿನ ನಡುವೆ ಸುಧಾರಿಸಿಕೊಳ್ಳದೆ, ಒಂದರ ಹಿಂದೆ ಒಂದು.”

“ಆದ್ರೆ ಎದೆಮಟ್ಟ ನೀರ್ ಡಾಕ್ಟ್ರೇ!”

“ಎಚ್ಚರ ತಪ್ಪಿದವರಿಗೆ ಮೊಣಕಾಲು ಮಟ್ಟದ ನೀರೂ ಸಾಕು. ಆಳಕ್ಕೆ ಹೋಗುವವರಿಗೆ ಮೇಲೆ ಬರುವಾಗ ಇದಕ್ಕಿಂತ ಬೇಗ ಆಗ್ತದೆ. ತಲೆ ನೀರಿನಿಂದ ಹೊರಗೆ ಬಂದು, ಒಂದು ಉಸಿರು ತಗೊಂಡ ಮೇಲೂ ಆಗಬಹುದು. ಒಳ್ಳೆ ಈಜು ಬರುವವರಿಗೇ ಇದು ಹೆಚ್ಚು. ಈಜು ಬಾರದವನು ಅಷ್ಟು ಹೊತ್ತು ಒಳಗೆ ಇರೂದೇ ಇಲ್ಲ.”

ಇಷ್ಟು ವರ್ಷ ನಾವು ಮಾಡಿದೆವಲ್ಲ ಅಂತ ಕೇಳಿದೆ. ಇಷ್ಟು ವರ್ಷ ತಪ್ಪಿಸಿಕೊಂಡಿರಿ ಅಂದರು. ನನಗೆ ಕೆನ್ನೆಗೆ ಇನ್ನೊಂದು ಬಿದ್ದ ಹಾಗಾಯಿತು. ಕಾಯಿಲೆ ನನ್ನಲ್ಲಿ ಇರಲಿಲ್ಲ. ಅದು ನಮ್ಮೆಲ್ಲರ ಬಾಯಲ್ಲಿತ್ತು. ದಿನಾ ಬೆಳಿಗ್ಗೆ ದೋಣಿಯಿಂದ ಇಳಿದು ಅದನ್ನೇ ಮಾಡುತ್ತಿದ್ದೆವು. ನನ್ನ ಪಕ್ಕದಲ್ಲಿ ನಿಂತು ಜಲಜ ಮಾಡುತ್ತಿದ್ದಳು. ಬೇಸಿಗೆ ರಜೆಯಲ್ಲಿ ಅಶ್ವಿನಿಯೂ ಮಾಡಿದ್ದಾಳೆ.

ಡಾಕ್ಟರು ಎದ್ದು ನಿಂತು, “ಇವರನ್ನು ಮೇಲೆ ತಂದದ್ದು ಯಾರು?” ಅಂದರು.

ಬಾಗಿಲ ಹತ್ತಿರದಿಂದ ಜಲಜ ಹೇಳಿದಳು, “ನಾನ್. ನಾನೇ ಹೊಡದ್ದ್.”

“ಮುಖ ನೀರಿನಿಂದ ಮೇಲೆ ಹಿಡಿದಿದ್ದಿರಾ?”

“ಹೌದ್. ತುರ್ಬ್ ಹಿಡ್ದಿದ್ದೆ. ಅತ್ತೇ ಅತ್ತೇ ಅಂತ ಎಷ್ಟೋ ಸಲ ಕೂಗ್ದೆ ಡಾಕ್ಟ್ರೇ, ಉಸ್ರ್ ತೆಗೀಲಿಲ್ಲೆ. ಮತ್ತೆಂತ ಮಾಡುದ್? ಹೆಸ್ರ್ ಹಿಡ್ದ್ ಕೂಗ್ದೆ.”

“ಹೆಸರು ಕರೆದದ್ದೂ ಸರಿ, ಕೆನ್ನೆ ತಟ್ಟಿದ್ದೂ ಸರಿ. ಸ್ವಲ್ಪ ಜೋರಾಯಿತು ಅಷ್ಟೆ.” ಮತ್ತೆ ನನ್ನ ಕಡೆ ತಿರುಗಿದರು. “ಹೀಗೆ ಎಚ್ಚರ ತಪ್ಪಿದವರು ಎದ್ದ ಮೇಲೆ ನನಗೇನೂ ಆಗಲೇ ಇಲ್ಲ ಅಂತ ಜಗಳ ಮಾಡೂದೂ ಉಂಟು. ನೀವು ಮಾಡಿದ್ರಾ?”

ಸುಧಾಕರ ನೆಲ ನೋಡುತ್ತಿದ್ದ. ನಾನು, “ಹ್ಞೂಂ, ಮಾಡ್ದೆ” ಅಂದೆ.

ಡಾಕ್ಟರು ಹೋದ ಮೇಲೆ ಜಲಜ ಒಳಗೆ ಬಂದು ಮಂಚದ ಮೇಲೆಯೇ ಕೂತಳು. ನಾನು ಅವಳಿಗೆ ಒಳ್ಳೆಯ ಮಾತು ಹೇಳಲಿಲ್ಲ, ನನಗೆ ಬರುವುದಿಲ್ಲ. “ಸೀತು ಅಂತ ಇನ್ನೊಂದ್ ಸಲ ಕರಿ ಕಾಂಬ,” ಅಂದೆ. “ಥೋ, ಸುಮ್ನಿರಿ ಅತ್ತೆ,” ಅಂತ ಮುಖಕ್ಕೆ ಸೆರಗು ಹಿಡಿದಳು. ಅವಳು ನಕ್ಕಳೋ ಅತ್ತಳೋ ನಾನು ನೋಡಲಿಲ್ಲ.

ಮನೆಗೆ ಬಂದ ಮೇಲೂ ಕೆಮ್ಮು ಕೆಲವು ವಾರ ಇತ್ತು. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ಸ್ನಾನಕ್ಕೆ ತಲೆಯ ಮೇಲೆ ನೀರು ಹೊಯ್ದುಕೊಂಡಾಗ ಎದೆ ಧಸಕ್ಕೆನ್ನುತ್ತಿತ್ತು, ಹೊಳೆಯಲ್ಲೇ ಬೆಳೆದ ನನಗೆ. ಅದು ಈಗಲೂ ಪೂರ್ತಿ ಹೋಗಿಲ್ಲ. ಈಗ ನಾನು ಮುಳುಗುವುದಿಲ್ಲ, ದೋಣಿಯ ಅಂಚಿನಲ್ಲಿ ಕೂತು ಮುಳುಗುವವರನ್ನು ನೋಡುತ್ತೇನೆ. ಯಾರಾದರೂ ಬುಸು ಬುಸು ಶುರು ಮಾಡಿದರೆ ದೋಣಿಯ ಹುಟ್ಟಿನಿಂದ ನೀರು ಎರಚುತ್ತೇನೆ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಮೇಲೆ ನಿಂತು ಅವರನ್ನೇ ಕಾಯಬೇಕು. ತಲೆ ಹೊರಗೆ ಬಂದರೆ ಸಾಲದು, ಸರಿಯಾಗಿ ಉಸಿರಾಡಿ ಒಂದು ಮಾತಾಡಬೇಕು. ಹೆಚ್ಚಿನವರು ಆಡುವ ಮಾತು ನನಗೆ ಬೈಗುಳ. ಬೈಯಲಿ, ಬೈಯುವುದಕ್ಕೂ ಉಸಿರು ಬೇಕಲ್ಲ. ಎದೆ ಒದ್ದಾಡಲು ಶುರುವಾದ ಕೂಡಲೇ ಮೇಲೆ ಬರಬೇಕು. ಅದನ್ನು ತಡೆದುಕೊಳ್ಳುವುದೇ ಗಟ್ಟಿತನ ಅಂತ ನಾವು ತಿಳಿದಿದ್ದೆವು. ಚಿಪ್ಪು ಮೊದಲಿಗಿಂತ ಕಡಿಮೆ ಸಿಗುತ್ತದೆ. ಸಿಗಲಿ.

ಗಿರಿಜಕ್ಕ ನನ್ನನ್ನು ನೋಡಲು ಬಂದದ್ದನ್ನು ಹೇಳದೆ ಮುಗಿಸುವ ಹಾಗಿಲ್ಲ. ಆಸ್ಪತ್ರೆಯಿಂದ ಬಂದ ಮೊದಲ ವಾರ ಅದು. ಬ್ರೆಡ್ಡು, ಮೂಸಂಬಿ ಹಿಡಿದುಕೊಂಡು ಬಂದರು. ಜಲಜ ಚಾ ಇಟ್ಟು ಮಾತಾಡದೆ ಅಡಿಗೆಮನೆಗೆ ಹೋದಳು. ಅವಳು ಹೋದದ್ದು ಖಾತ್ರಿ ಮಾಡಿಕೊಂಡು ಗಿರಿಜಕ್ಕ ನನ್ನ ಹತ್ತಿರ ಸರಿದರು.

“ಸೀತು, ನಿಜ ಹೇಳ್. ಮನಿಯಗೆ ಎಂತಾರೂ ಇತ್ತಾ?”

ಅವರಿಗೆ ಸರಿಯಾಗಿ ಬಾಯಿಮಾಡಬೇಕು ಅಂತ ನಾನು ಮಾತು ಕೂಡಿಟ್ಟುಕೊಂಡಿದ್ದೆ. ಬಾಯಿ ತೆಗೆದವಳು ಅವರ ಮುಖ ಕಂಡು ನಿಲ್ಲಿಸಿದೆ. ಅದು ಸುದ್ದಿ ಹುಡುಕುವವರ ಮುಖ ಅಲ್ಲ. ಇಷ್ಟು ವರ್ಷ ತಂಗಿಯನ್ನು ಕೇಳಲಾಗದ್ದನ್ನು ನನ್ನ ಹತ್ತಿರ ಕೇಳುತ್ತಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ, ಊದುವುದು, ಕೆಟ್ಟ ಗಾಳಿ, ಗ್ಯಾಸಿನ ವಾಸನೆ, ಎಲ್ಲ. ಅವರು ಚಾ ಕುಡಿಯುವುದನ್ನು ಬಿಟ್ಟು ಕೇಳಿದರು.

“ಸರಸು ಊದುದ್ ನಿಂಗ್ ನೆನ್ಪಿತ್ತಾ?” ಅಂದರು.

“ಅವ್ಳಷ್ಟ್ ಜೋರ್ ಊದುವವ್ರ್ ಯಾರಿದ್ರ್? ಆಚೆ ದಡಕ್ಕ್ ಕೇಂತಿತ್ತ್.”

“ಹಾಂಗಾರೆ ಅವ್ಳ್...”

“ನಾನ್ ಕಂಡದ್ದಿಲ್ಲೆ ಗಿರಿಜಕ್ಕ. ಯಾರೂ ಕಂಡದ್ದಿಲ್ಲೆ. ಇದೇ ಅಂತ ಆಣೆ ಹಾಕುಕೆ ನನ್ನಿಂದ ಆಪುದಿಲ್ಲೆ. ಆದ್ರ್ ಸಾಯುಕ್ ಹೋದವ್ಳೇ ಅಂತ ಹೇಳುಕೆ ನಿಮ್ಮಿಂದಲೂ ಆಪುದಿಲ್ಲೆ.”

ಗಿರಿಜಕ್ಕ ಸಣ್ಣ ಮಕ್ಕಳು ಕೇಳುವ ಹಾಗೆ ಕೇಳಿದರು, “ಅವ್ಳಿಗ್ ಕೊನಿಗೆ ಸಂಕ್ಟ ಆಯ್ತಾ ಸೀತು?”

ಇದನ್ನು ಹೇಳಬಲ್ಲವಳು ಊರಿನಲ್ಲಿ ನಾನೊಬ್ಬಳೇ. “ಇಲ್ಲೆ,” ಅಂದೆ. “ಅವ್ಳಿಗ್ ಆದ್ದ್ ಇದೇ ಆದ್ರ್, ಸಂಕ್ಟ ಇಲ್ಲೆ. ನಾನ್ ಹೋಯ್ ಬಂದವ್ಳ್ ಹೇಳ್ತೆ.”

“ಹೆದ್ರಿಕಿ?”

“ಇಲ್ಲೆ. ಕೈಯಗೆ ಚಿಪ್ಪ್ ಇತ್ತ್, ಖುಷಿಯಂಗಿದ್ದೆ. ಮತ್ತೆ ಎಂತದೂ ಇಲ್ಲೆ.”

ಇಷ್ಟು ದಿನ ನನ್ನನ್ನು ಬೆಚ್ಚಿಬೀಳಿಸುತ್ತಿದ್ದದ್ದೂ ಇದೇ. ಒಂದು ನೋವಾದರೂ, ಒಂದು ಹೆದರಿಕೆಯಾದರೂ ಇರಬಾರದಿತ್ತೇ ಅಂತ. ಗಿರಿಜಕ್ಕ ಅದನ್ನು ಕೇಳಿ ಕಣ್ಣು ಮುಚ್ಚಿ ದೊಡ್ಡ ಉಸಿರು ಬಿಟ್ಟರು. ತಣ್ಣಗಾದ ಚಾ ಒಂದೇ ಸಲಕ್ಕೆ ಕುಡಿದರು. ಹೊರಡಲು ಎದ್ದವರು ಅಡಿಗೆಮನೆಯ ಬಾಗಿಲಲ್ಲಿ ನಿಂತರು.

“ಹೆಣೆ ಜಲಜಾ, ನಾನ್ ಊರಗೆಲ್ಲ ಬಾಯಿಗ್ ಬಂದಾಂಗ್ ಹೇಳಿದೆ. ತಪ್ಪಾಯ್ತ್.”

ಜಲಜ ಪಾತ್ರೆ ತೊಳೆಯುವುದನ್ನು ನಿಲ್ಲಿಸಲಿಲ್ಲ. “ಅಕ್ಕ್ ಬಿಡಿ, ಆದದ್ದ್ ಆಯ್ತ್,” ಅಂದಳು.

ಗಿರಿಜಕ್ಕ ಹೋಗಲಿಲ್ಲ. ಸರಸುವಿನ ಗಂಡನ ಮನೆಯ ಹೊಸ್ತಿಲು ಅವರು ತುಳಿಯದೆ ಎಷ್ಟು ವರ್ಷ ಆಯಿತೋ. ಆ ಹಾಲು ಕುಡಿಯುವ ಮಗು ಈಗ ಮೀಸೆ ಬಂದ ಗಂಡಸು, ಅವನ ಮದುವೆಗೂ ಇವರು ಹೋದವರಲ್ಲ. ದಾರಿಯಲ್ಲಿ ಎದುರಾದರೂ ಮುಖ ತಿರುಗಿಸಿದವರು.

“ಸರಸು ಮಗ ಈಗ್ ಎಲ್ಲಿಪ್ಪುದ್, ನಿಂಗ್ ಗೊತ್ತಿತ್ತಾ?”

“ಬೀಜಾಡಿಲಿ. ರಿಕ್ಷಾ ಬಿಡ್ತ್ರಲೆ ಅವ್ರ್.” ಜಲಜ ಕೈ ಒರೆಸಿಕೊಂಡು ಹೊರಗೆ ಬಂದಳು. “ಎಂತಕೆ ಗಿರಿಜಕ್ಕ?”

“ಅವ್ನ್ ನಂಬ್ರ್ ಇದ್ರ್ ಒಂಚೂರ್ ಹಚ್ಚಿ ಕೊಡ್,” ಅಂದರು ಗಿರಿಜಕ್ಕ. “ನಾನ್ ಅವ್ನತ್ರ ಮಾತಾಡ್ಕ್.”